ಶಾಲೆಯ ಕಾರ್ಯಕ್ರಮ ಮಕ್ಕಳಿಗೆ ದಕ್ಕಿತೇ? ಮೌಲ್ಯಮಾಪನದ ದಾರಿ ಆರಿಸಿಕೊಳ್ಳುವ ಬಗೆ

ಫೆಬ್ರವರಿಯ ಒಂದು ಮಧ್ಯಾಹ್ನ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು ಒಂದು ಪುಟ್ಟ ಕಥೆಯನ್ನು ಎಲ್ಲಿಯೂ ತಡವರಿಸದೆ ಓದಿ ಮುಗಿಸಿದಳು. ಆ ಹೋಬಳಿಯ ಹನ್ನೆರಡು ಶಾಲೆಗಳಲ್ಲಿ ಎಂಟು ತಿಂಗಳಿಂದ ಸಂಜೆ ಹೊತ್ತು ಓದಿನ ಕಾರ್ಯಕ್ರಮವೊಂದು ನಡೆದಿತ್ತು. ಅದರಿಂದ ಏನು ಪ್ರಯೋಜನವಾಯಿತೆಂದು ನೋಡಲು ನಾವು ಹೋಗಿದ್ದೆವು. ಏಕೋ ಅನುಮಾನ ಬಂದು ಮೂರನೇ ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು "ಇದೇನು ಪುಟ್ಟಿ?" ಎಂದು ಕೇಳಿದೆ. ಅವಳು ಆ ಪದವನ್ನು ನೋಡಲಿಲ್ಲ. ಸಾಲಿನ ಮೊದಲಿಗೆ ಹೋಗಿ, ಅಲ್ಲಿಂದ ತುಟಿಯೊಳಗೇ ಹೇಳಿಕೊಳ್ಳುತ್ತಾ ಬಂದು, ನನ್ನ ಬೆರಳು ಇದ್ದಲ್ಲಿ ನಿಂತಳು. ಕಥೆ ಅವಳಿಗೆ ಬಾಯಿಪಾಠವಾಗಿತ್ತು. ಅಭ್ಯಾಸಕ್ಕೆ ಕೊಟ್ಟ ಹಾಳೆಯನ್ನೇ ಪರೀಕ್ಷೆಗೂ ಕೊಟ್ಟಿದ್ದೆವು.

ನಮ್ಮ ಲೆಕ್ಕದಲ್ಲಿ ಅವಳು 'ಓದಬಲ್ಲ ಮಗು'. ಹಾಗೆಂದು ಬರೆದುಕೊಂಡ ಮೇಲೆ ಅವಳಿಗೆ ಮತ್ತೆ ಯಾರೂ ಅಕ್ಷರ ಕಲಿಸಲು ಕೂರುವುದಿಲ್ಲ. ಐದನೇ ತರಗತಿಗೆ ಹೋಗುತ್ತಾಳೆ, ಅಲ್ಲಿನ ಸಮಾಜ ಪಾಠದ ಮುಂದೆ ಸುಮ್ಮನೆ ಕುಳಿತಿರುತ್ತಾಳೆ. ತಪ್ಪಾದ ಮೌಲ್ಯಮಾಪನದ ಹೊರೆ ಬೀಳುವುದು ಇಂಥ ಮಗುವಿನ ತಲೆಯ ಮೇಲೆ. ಅದಕ್ಕಾಗಿಯೇ ಈ ವಿಷಯವನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಸರ್ಕಾರಿ ಶಾಲೆಗಳಲ್ಲಿ ಏನಾದರೊಂದು ಕೆಲಸ ಮಾಡುತ್ತಿರುವ ಸಣ್ಣ ಟ್ರಸ್ಟ್‌ಗಳು, ಹಳೆಯ ವಿದ್ಯಾರ್ಥಿಗಳ ಸಂಘಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಇದನ್ನು ಕೈಯಲ್ಲಿಟ್ಟುಕೊಂಡು ಕೆಲಸಕ್ಕೆ ಇಳಿಯಬಹುದು. ಆ ಹನ್ನೆರಡು ಶಾಲೆಗಳ ಓದಿನ ಕಾರ್ಯಕ್ರಮವನ್ನೇ ಉದ್ದಕ್ಕೂ ಉದಾಹರಣೆಯಾಗಿ ಬಳಸುತ್ತೇನೆ.

ಹೆಜ್ಜೆ 1: ಫಲಿತಾಂಶ ಬಂದ ಮೇಲೆ ಯಾರು ಏನು ನಿರ್ಧಾರ ಮಾಡುತ್ತಾರೆ?

ಪ್ರಶ್ನೆಪತ್ರಿಕೆ ಹುಡುಕುವ ಮುಂಚೆ ಒಂದು ಬಿಳಿ ಹಾಳೆಯಲ್ಲಿ ಈ ವಾಕ್ಯ ತುಂಬಿ: "ಈ ಮೌಲ್ಯಮಾಪನ ಓದಿದ ಮೇಲೆ ಇಂಥವರು, ಇಂಥ ತಿಂಗಳೊಳಗೆ, ಇಂಥ ವಿಷಯದಲ್ಲಿ ನಿರ್ಧಾರ ತೆಗೆದುಕೊಳ್ಳಬೇಕು." ವಾಕ್ಯ ತುಂಬಲು ಆಗದಿದ್ದರೆ ಮೌಲ್ಯಮಾಪನವನ್ನು ಸದ್ಯಕ್ಕೆ ಬಿಡಿ, ಆ ಹಣದಲ್ಲಿ ಮಕ್ಕಳಿಗೆ ಇನ್ನಷ್ಟು ಪುಸ್ತಕ ಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ಮೂವರಿಗೆ ಉತ್ತರ ಬೇಕಿತ್ತು. ಸಂಜೆ ಪಾಠ ನಡೆಸುವ ಸ್ವಯಂಸೇವಕರಿಗೆ ಯಾವ ಮಕ್ಕಳು ಎಲ್ಲಿ ಎಡವುತ್ತಿದ್ದಾರೆಂದು ತಿಳಿಯಬೇಕಿತ್ತು. ಹಣ ಕೊಟ್ಟವರಿಗೆ ಮುಂದಿನ ವರ್ಷ ಇಪ್ಪತ್ತು ಶಾಲೆಗಳಿಗೆ ವಿಸ್ತರಿಸಬಹುದೇ ಎಂದು ತಿಳಿಯಬೇಕಿತ್ತು. ತಾಯಂದಿರ ಪ್ರಶ್ನೆ ಬೇರೆ: ಸಂಜೆ ಮಗಳನ್ನು ಕಳುಹಿಸಿದರೆ ಮನೆಯ ಕೆಲಸಕ್ಕೆ ಒಂದು ಕೈ ಕಡಿಮೆಯಾಗುತ್ತದೆ, ಕಳುಹಿಸಿದ್ದು ಸಾರ್ಥಕವೇ? ಒಂದೇ ಪರೀಕ್ಷೆಯಿಂದ ಈ ಮೂರಕ್ಕೂ ಉತ್ತರ ತೆಗೆಯಲು ಹೋದದ್ದು ನಮ್ಮ ಮೊದಲ ತಪ್ಪು.

ಶಿಕ್ಷಕರಿಗೆ ರೂಪಣಾತ್ಮಕ, ಸಂಕಲನಾತ್ಮಕ ಎಂಬ ಎರಡು ಪದಗಳು ದಿನಬಳಕೆಯವು. ಮಗುವಿನ ಕಲಿಕೆಗೆ ನಾವು ಬಳಸುವ ಈ ಭೇದವನ್ನು 1967ರಲ್ಲಿ ಮೌಲ್ಯಮಾಪನ ತಜ್ಞ ಮೈಕೆಲ್ ಸ್ಕ್ರಿವೆನ್ ಕಾರ್ಯಕ್ರಮಗಳ, ಪಠ್ಯಕ್ರಮಗಳ ಮೌಲ್ಯಮಾಪನಕ್ಕಾಗಿ ಮುಂದಿಟ್ಟರು. ನಡೆಯುತ್ತಿರುವಾಗಲೇ ತಿದ್ದಿಕೊಳ್ಳಲು ನೋಡುವುದು ರೂಪಣಾತ್ಮಕ. ಮುಗಿದ ಮೇಲೆ ತೂಗಿ ನೋಡಿ ಬೇಕೋ ಬೇಡವೋ ಎಂದು ಹೇಳುವುದು ಸಂಕಲನಾತ್ಮಕ. ಸ್ವಯಂಸೇವಕರಿಗೆ ಬೇಕಾದದ್ದು ಮೊದಲನೆಯದು, ಹಣ ಕೊಟ್ಟವರಿಗೆ ಎರಡನೆಯದು. ಎರಡೂ ಬೇಕಾದರೆ ಎರಡನ್ನೂ ಮಾಡಿ, ಆದರೆ ಬೇರೆ ಬೇರೆ ದಿನ, ಸಾಧ್ಯವಾದರೆ ಬೇರೆ ಬೇರೆ ಜನರಿಂದ. ತನ್ನ ಕೆಲಸ ಉಳಿಯುವುದೋ ಹೋಗುವುದೋ ಎಂಬ ಭಯದಲ್ಲಿರುವ ಸ್ವಯಂಸೇವಕಿ ತನ್ನ ತರಗತಿಯ ತೊಂದರೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಹೆಜ್ಜೆ 2: ಕಾರ್ಯಕ್ರಮದ ಕೊಂಡಿಗಳನ್ನು ಸಾಲಾಗಿ ಬರೆಯಿರಿ

ಹಣ ಖರ್ಚಾದಲ್ಲಿಂದ ಮಗು ಕಲಿತಲ್ಲಿಯವರೆಗೆ ಏನೇನು ಆಗಬೇಕು? ಪುಸ್ತಕ ಶಾಲೆಗೆ ಬರಬೇಕು. ಬೀರುವಿನ ಬಾಗಿಲು ತೆರೆಯಬೇಕು. ಮಗು ಪುಸ್ತಕ ಕೈಗೆತ್ತಿಕೊಳ್ಳಬೇಕು. ಆ ಪುಸ್ತಕ ಅದರ ಮಟ್ಟಕ್ಕೆ ಹೊಂದಬೇಕು. ಓದುವಾಗ ಪಕ್ಕದಲ್ಲಿ ದೊಡ್ಡವರೊಬ್ಬರು ಇರಬೇಕು. ವಾರಕ್ಕೆ ನಾಲ್ಕು ದಿನವಾದರೂ ಇದು ನಡೆಯಬೇಕು. ಆಗ ಮಾತ್ರ ಓದು ಸುಧಾರಿಸಬಹುದು. ಒಂದು ಕೊಂಡಿ ಕಳಚಿದರೂ ಮುಂದಿನದು ನಡೆಯುವುದಿಲ್ಲ. ನಮ್ಮ ಹನ್ನೆರಡು ಶಾಲೆಗಳಲ್ಲಿ ಮೂರರಲ್ಲಿ ಬೀರುವಿನ ಬೀಗದ ಕೈ ಮುಖ್ಯ ಶಿಕ್ಷಕರ ಜೇಬಿನಲ್ಲಿರುತ್ತಿತ್ತು, ಅವರು ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಆ ಮೂರು ಶಾಲೆಗಳ ಮಕ್ಕಳಿಗೆ ಓದಿನ ಪರೀಕ್ಷೆ ಕೊಟ್ಟು ಕಾರ್ಯಕ್ರಮ ಫಲ ಕೊಡಲಿಲ್ಲವೆಂದು ಬರೆದರೆ ಅದು ಸುಳ್ಳು ವರದಿ. ಅಲ್ಲಿ ಕಾರ್ಯಕ್ರಮ ನಡೆದೇ ಇರಲಿಲ್ಲ.

ಕೊಂಡಿಗಳು ಎಲ್ಲವೂ ಸರಿಯಿದ್ದು ಒಂದು ಮಾತ್ರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೆನ್ಯಾದ ಅನುಭವವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಪಶ್ಚಿಮ ಕೆನ್ಯಾದ ಗ್ರಾಮೀಣ ಶಾಲೆಗಳಿಗೆ 1990ರ ದಶಕದಲ್ಲಿ ಪಠ್ಯಪುಸ್ತಕಗಳನ್ನು ಹಂಚಿ, ಹಂಚದ ಶಾಲೆಗಳೊಂದಿಗೆ ಹೋಲಿಸಿ ನೋಡಿದರು. ಸರಾಸರಿ ಅಂಕ ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗೆ ಮಾತ್ರ ಪ್ರಯೋಜನವಾಗಿತ್ತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಅನೇಕ ಮಕ್ಕಳಿಗೆ ಅದು ಮೂರನೇ ಭಾಷೆ. ಸರಾಸರಿಯೊಂದನ್ನೇ ನೋಡಿದ್ದರೆ ಪುಸ್ತಕದಿಂದ ಉಪಯೋಗವಿಲ್ಲ ಎಂದು ಬರೆದು ಮುಗಿಸುತ್ತಿದ್ದರು. ಯಾವ ಮಕ್ಕಳಿಗೆ ದಕ್ಕಿತು, ಯಾರಿಗೆ ದಕ್ಕಲಿಲ್ಲ ಎಂದು ಬಿಡಿಸಿ ನೋಡಿದ್ದರಿಂದ ತೊಡಕು ಎಲ್ಲಿದೆ ಎಂದು ತಿಳಿಯಿತು.

ಕೊಂಡಿಗಳನ್ನು ಬರೆಯುವುದು ಕಷ್ಟವೆನಿಸಿದರೆ ಅಮೆರಿಕದ ಮೌಲ್ಯಮಾಪನ ತಜ್ಞ ಡೇನಿಯಲ್ ಸ್ಟಫಲ್‌ಬೀಮ್ ಅವರ ಚೌಕಟ್ಟು ನೆರವಿಗೆ ಬರುತ್ತದೆ. ಅವರು ಕಾರ್ಯಕ್ರಮವನ್ನು ನಾಲ್ಕು ಕಡೆಯಿಂದ ನೋಡಿ ಎನ್ನುತ್ತಾರೆ: ಸಂದರ್ಭ, ಅಂದರೆ ಇಲ್ಲಿ ನಿಜವಾಗಿ ಏನು ಬೇಕಿತ್ತು, ಹೂಡಿಕೆ, ಅಂದರೆ ಏನು ಕೊಟ್ಟೆವು, ಪ್ರಕ್ರಿಯೆ, ಅಂದರೆ ಹೇಗೆ ನಡೆಯಿತು, ಫಲ, ಅಂದರೆ ಏನಾಯಿತು. ನಮ್ಮಲ್ಲಿ ಬಹುತೇಕ ಎಲ್ಲರೂ ಎರಡನೆಯದನ್ನು ಎಣಿಸಿ ನಾಲ್ಕನೆಯದೆಂದು ತೋರಿಸುತ್ತಾರೆ. ಹಂಚಿದ ಪುಸ್ತಕಗಳ ಸಂಖ್ಯೆ ಕಲಿಕೆಯ ಲೆಕ್ಕವಾಗುವುದಿಲ್ಲ.

ಹೆಜ್ಜೆ 3: ಕಾರ್ಯಕ್ರಮಕ್ಕೆ ಎಷ್ಟು ವಯಸ್ಸು?

ಮೊದಲ ವರ್ಷವೇ 'ಪರಿಣಾಮ' ಅಳೆಯಲು ಹೊರಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಾರ್ಡುಗಳ ಮೂಲಕ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯನ್ನು ನೆನೆಯಿರಿ. 1990ರ ದಶಕದ ನಡುವಿನಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ, ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯಿಂದ ಪ್ರೇರಣೆ ಪಡೆದು ಅದು ಶುರುವಾಯಿತು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡುಗಳು ಎಲ್ಲವೂ ಶಿಕ್ಷಕರ ಕೈಯಲ್ಲಿ ರೂಪ ಪಡೆಯುತ್ತಿದ್ದ ಕಾಲ ಅದು. ಆಗ ಬೇಕಾಗಿದ್ದದ್ದು ತರಗತಿಯಲ್ಲಿ ಕುಳಿತು ನೋಡುವುದು, ಶಿಕ್ಷಕರ ಮಾತು ಕೇಳುವುದು, ತಿದ್ದುವುದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಹಬ್ಬಿದಾಗ ಪ್ರಶ್ನೆಯೇ ಬದಲಾಯಿತು. ತಾವೇ ಕಟ್ಟಿದ ಶಿಕ್ಷಕರ ಕೈಯಲ್ಲಿ ನಡೆದದ್ದು, ಮೇಲಿನಿಂದ ಬಂದ ಕಿಟ್ಟನ್ನು ತೆರೆದು ನೋಡುತ್ತಿರುವ ಶಿಕ್ಷಕರ ಕೈಯಲ್ಲೂ ಹಾಗೆಯೇ ನಡೆಯುತ್ತದೆಯೇ?

ಹಾಗಾಗಿ ಇನ್ನೂ ರೂಪ ಪಡೆಯುತ್ತಿರುವ ಕಾರ್ಯಕ್ರಮವಾದರೆ ವೀಕ್ಷಣೆ ಮತ್ತು ಮಾತುಕತೆ ಸಾಕು. ಎರಡು ಮೂರು ವರ್ಷ ಒಂದೇ ರೀತಿ ನಡೆದು ಗಟ್ಟಿಯಾಗಿದ್ದರೆ ಫಲವನ್ನು ಹೋಲಿಸಿ ನೋಡಿ. ದೊಡ್ಡದಾಗಿ ಹರಡುತ್ತಿದ್ದರೆ ಮತ್ತೆ ಪ್ರಕ್ರಿಯೆಗೆ ಹಿಂತಿರುಗಿ.

ಹೆಜ್ಜೆ 4: ಪ್ರಶ್ನೆಗೆ ತಕ್ಕ ವಿಧಾನ

ಇಲ್ಲಿ ನಿಧಾನವಾಗಿ ಹೋಗೋಣ, ಹೆಚ್ಚಿನ ತಪ್ಪುಗಳಾಗುವುದು ಇಲ್ಲಿಯೇ.

ನಿಮ್ಮ ಪ್ರಶ್ನೆ "ಹೇಳಿದಂತೆ ನಡೆಯುತ್ತಿದೆಯೇ?" ಎಂದಾದರೆ ಪರೀಕ್ಷೆ ಬೇಡ, ಭೇಟಿ ಬೇಕು. ಮೊದಲೇ ತಿಳಿಸದೆ ಹೋಗಿ, ಒಂದು ಅವಧಿ ಪೂರ್ತಿ ಹಿಂದೆ ಕುಳಿತು, ಐದೈದು ನಿಮಿಷಕ್ಕೊಮ್ಮೆ ಮಕ್ಕಳು ಏನು ಮಾಡುತ್ತಿದ್ದಾರೆಂದು ಬರೆದುಕೊಳ್ಳಿ. ನಲಿ-ಕಲಿ ತರಗತಿಯಾದರೆ ಐದು 'ತಟ್ಟೆ'ಗಳಲ್ಲಿ, ಅಂದರೆ ಗುಂಪುಗಳಲ್ಲಿ, ಮಕ್ಕಳು ಕುಳಿತಿರುತ್ತಾರೆ: ಶಿಕ್ಷಕರ ಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಗೆಳೆಯರ ಪೂರ್ಣ ಸಹಾಯ, ಗೆಳೆಯರ ಭಾಗಶಃ ಸಹಾಯ, ಸ್ವಕಲಿಕೆ. ಶಿಕ್ಷಕಿ ಎಷ್ಟು ಹೊತ್ತು ಯಾವ ತಟ್ಟೆಯ ಬಳಿ ಇದ್ದರು, ಸ್ವಕಲಿಕೆಯ ತಟ್ಟೆಯಲ್ಲಿದ್ದ ಮಗು ನಿಜಕ್ಕೂ ಕಲಿಯುತ್ತಿತ್ತೋ ಬರೀ ಕಾರ್ಡು ಹಿಡಿದು ಕುಳಿತಿತ್ತೋ ಎಂದು ಬರೆಯಿರಿ. ಇಂಥ ಹತ್ತು ಭೇಟಿಗಳ ಟಿಪ್ಪಣಿ ದೊಡ್ಡ ಸಮೀಕ್ಷೆಗಿಂತ ಹೆಚ್ಚು ಕಲಿಸುತ್ತದೆ.

"ಗುರಿ ಮುಟ್ಟಿದೆವೇ?" ಎಂಬ ಪ್ರಶ್ನೆಗೆ ಎಲ್ಲಕ್ಕಿಂತ ಹಳೆಯ ದಾರಿ ಇದೆ. ಶಿಕ್ಷಣ ತಜ್ಞ ರಾಲ್ಫ್ ಟೈಲರ್ 1930ರ ದಶಕದಲ್ಲಿ ಅಮೆರಿಕದ ಪ್ರೌಢಶಾಲೆಗಳ ಎಂಟು ವರ್ಷದ ಅಧ್ಯಯನದಲ್ಲಿ ಇದನ್ನು ಬೆಳೆಸಿದರು: ಗುರಿಯನ್ನು ಮಗು ಮಾಡಿ ತೋರಿಸಬಲ್ಲ ಕೆಲಸವಾಗಿ ಬರೆಯಿರಿ, ಆಮೇಲೆ ಆ ಕೆಲಸವನ್ನೇ ಮಾಡಿಸಿ ನೋಡಿ. 'ಓದಿನಲ್ಲಿ ಆಸಕ್ತಿ ಮೂಡಿಸುವುದು' ಎಂದು ಬರೆದರೆ ಅಳೆಯಲು ಆಗುವುದಿಲ್ಲ. 'ಹಿಂದೆ ನೋಡಿರದ ಹತ್ತು ಸಾಲಿನ ಕಥೆ ಓದಿ ಎರಡು ಪ್ರಶ್ನೆಗೆ ಸ್ವಂತ ಮಾತಿನಲ್ಲಿ ಉತ್ತರ ಹೇಳುವುದು' ಎಂದರೆ ಅಳೆಯಬಹುದು. ಒಂದು ಎಚ್ಚರ ಮಾತ್ರ ಇರಲಿ. ಗುರಿಯನ್ನಷ್ಟೇ ನೋಡಿದರೆ ಪಕ್ಕದಲ್ಲಿ ಆದ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಸಂಜೆಯ ತರಗತಿಗೆ ಹೆಣ್ಣುಮಕ್ಕಳು ತಮ್ಮ ಪುಟ್ಟ ತಮ್ಮ ತಂಗಿಯರನ್ನು ಸೊಂಟದ ಮೇಲೆ ಎತ್ತಿಕೊಂಡು ಬರುತ್ತಿದ್ದರು. ಮಗುವನ್ನು ಸಂಭಾಳಿಸುವುದರಲ್ಲೇ ಅವರ ಅರ್ಧ ಹೊತ್ತು ಕಳೆಯುತ್ತಿತ್ತು. ಇದು ಯಾವ ಗುರಿಯ ಪಟ್ಟಿಯಲ್ಲೂ ಇರಲಿಲ್ಲ.

ಇನ್ನು "ಈ ಬದಲಾವಣೆ ಕಾರ್ಯಕ್ರಮದಿಂದಲೇ ಆಯಿತೇ?" ಎಂಬ ಪ್ರಶ್ನೆ. ಇದು ಎಲ್ಲಕ್ಕಿಂತ ಕಠಿಣ. ಜೂನ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಪರೀಕ್ಷೆ ಮಾಡಿ, ಏರಿಕೆಯನ್ನು ಕಾರ್ಯಕ್ರಮದ ಲೆಕ್ಕಕ್ಕೆ ಹಾಕುವುದು ನಮ್ಮಲ್ಲಿ ರೂಢಿ. ಆದರೆ ಆ ಒಂಬತ್ತು ತಿಂಗಳು ಮಗು ಸುಮ್ಮನೆ ಇರಲಿಲ್ಲ. ಬೆಳೆಯಿತು, ಶಾಲೆಗೆ ಹೋಯಿತು, ಅಕ್ಕನಿಂದ ಕಲಿಯಿತು. ಇನ್ನೊಂದು ತೊಡಕು: ಪರೀಕ್ಷೆಯಲ್ಲಿ ತೀರಾ ಹಿಂದುಳಿದವರನ್ನೇ ಆರಿಸಿಕೊಂಡು ಮತ್ತೆ ಪರೀಕ್ಷಿಸಿದರೆ ಏನೂ ಮಾಡದಿದ್ದರೂ ಅಂಕ ಸ್ವಲ್ಪ ಏರುತ್ತದೆ. ಮೊದಲ ದಿನ ಜ್ವರವಿದ್ದ ಮಗು, ಹೆದರಿದ್ದ ಮಗು ಆ ಗುಂಪಿನಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ಹೋಲಿಕೆಗೆ ಇನ್ನೊಂದು ಗುಂಪು ಬೇಕು.

ಆ ಗುಂಪನ್ನು ಆರಿಸಲು ನ್ಯಾಯವಾದ ದಾರಿ ಚೀಟಿ ಎತ್ತುವುದು. "ಕೆಲವು ಮಕ್ಕಳಿಗೆ ಕೊಟ್ಟು ಕೆಲವರಿಗೆ ಕೊಡದಿರುವುದು ಸರಿಯೇ?" ಎಂದು ಶಿಕ್ಷಕರು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ ಅದು. ವಡೋದರಾ ಮತ್ತು ಮುಂಬೈಯಲ್ಲಿ 2001ರಿಂದ ನಡೆದ ಬಾಲಸಖಿ ಕಾರ್ಯಕ್ರಮದ ಮೌಲ್ಯಮಾಪನ ಇದಕ್ಕೆ ಸುಂದರವಾದ ಪರಿಹಾರ ಕಂಡುಕೊಂಡಿತು. ಪ್ರಥಮ್ ಸಂಸ್ಥೆ ನಡೆಸುತ್ತಿದ್ದ ಆ ಕಾರ್ಯಕ್ರಮದಲ್ಲಿ ಅದೇ ಬಡಾವಣೆಯ ಯುವತಿಯೊಬ್ಬಳು ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ತಾಸು ಬೇರೆ ಕೂರಿಸಿಕೊಂಡು ಓದು, ಲೆಕ್ಕ ಕಲಿಸುತ್ತಿದ್ದಳು. ವಡೋದರಾದಲ್ಲಿ ಅರ್ಧ ಶಾಲೆಗಳಿಗೆ ಮೂರನೇ ತರಗತಿಗೆ, ಉಳಿದರ್ಧಕ್ಕೆ ನಾಲ್ಕನೇ ತರಗತಿಗೆ ಬಾಲಸಖಿಯನ್ನು ಕೊಟ್ಟು, ಮರುವರ್ಷ ಅದಲು ಬದಲು ಮಾಡಿದರು. ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ, ಹೋಲಿಕೆಯೂ ಸಿಕ್ಕಿತು. ಕಲಿಕೆ ಏರಿದ್ದು, ಅದರಲ್ಲೂ ಹಿಂದುಳಿದ ಮಕ್ಕಳಲ್ಲಿ ಹೆಚ್ಚಾಗಿ ಏರಿದ್ದು ಸ್ಪಷ್ಟವಾಗಿ ಕಂಡಿತು. ನಮ್ಮಂಥ ಸಣ್ಣವರಿಗೆ ಇದರ ಸರಳ ರೂಪ ಹೀಗಿದೆ: ಹೇಗೂ ಈ ವರ್ಷ ಎಲ್ಲ ಶಾಲೆಗಳಿಗೂ ಹೋಗಲು ಆಗುವುದಿಲ್ಲ. ಇಪ್ಪತ್ತನಾಲ್ಕು ಶಾಲೆಗಳ ಹೆಸರನ್ನು ಚೀಟಿಯಲ್ಲಿ ಬರೆದು, ಮುಖ್ಯ ಶಿಕ್ಷಕರ ಎದುರಿನಲ್ಲೇ ಎತ್ತಿ, ಹನ್ನೆರಡಕ್ಕೆ ಈ ವರ್ಷ, ಹನ್ನೆರಡಕ್ಕೆ ಮುಂದಿನ ವರ್ಷ ಎಂದು ಗೊತ್ತುಮಾಡಿ. ಕಾಯುವ ಹನ್ನೆರಡೇ ಈ ವರ್ಷದ ಹೋಲಿಕೆ ಗುಂಪು.

ಚೀಟಿ ಎತ್ತಲು ಆಗದ ಸಂದರ್ಭಗಳು ಬಹಳ. ಸರ್ಕಾರ ಇಡೀ ರಾಜ್ಯಕ್ಕೆ ಒಂದು ಯೋಜನೆ ತಂದರೆ ಯಾರನ್ನು ಬಿಡುವುದು? ಬಿಹಾರ 2006ರಲ್ಲಿ ಒಂಬತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಮೊದಲು ಹುಡುಗಿಯರ ದಾಖಲಾತಿಯ ಏರಿಕೆಯನ್ನು ಹುಡುಗರ ಏರಿಕೆಯೊಂದಿಗೆ ಹೋಲಿಸಿದರು. ಅದೇ ವ್ಯತ್ಯಾಸವನ್ನು, ಆಗ ಇಂಥ ಸೈಕಲ್ ಯೋಜನೆ ಇರದಿದ್ದ ಪಕ್ಕದ ಜಾರ್ಖಂಡ್‌ನಲ್ಲೂ ನೋಡಿದರು. ಹಾಗೆ ನೋಡಿದಾಗ ಪ್ರೌಢಶಾಲೆಯಲ್ಲಿ ಹುಡುಗಿಯರ ದಾಖಲಾತಿ ಶೇ 32ರಷ್ಟು ಹೆಚ್ಚಿತ್ತು. ಅಷ್ಟಕ್ಕೆ ಬಿಡದೆ, ಶಾಲೆ ಮೂರು ಕಿಲೋಮೀಟರಿಗಿಂತ ದೂರವಿರುವ ಊರುಗಳಲ್ಲಿಯೇ ಏರಿಕೆ ಹೆಚ್ಚಾಗಿದೆ ಎಂದೂ ಕಂಡುಕೊಂಡರು. ಸೈಕಲ್‌ನಿಂದಲೇ ಆದದ್ದಾದರೆ ಹಾಗೆಯೇ ಕಾಣಬೇಕಲ್ಲವೇ? ಹೋಲಿಕೆ ಗುಂಪು ಪರಿಪೂರ್ಣವಾಗಿರದಿದ್ದಾಗ ಇಂಥ ಸಾಕ್ಷ್ಯ ಬಲ ಕೊಡುತ್ತದೆ. ನಿಮ್ಮ ಕಾರ್ಯಕ್ರಮದಲ್ಲೂ ಇದನ್ನು ಕೇಳಿ: ಇದು ನಿಜವಾಗಿ ಕೆಲಸ ಮಾಡಿದ್ದರೆ ಯಾರಲ್ಲಿ ಹೆಚ್ಚು ಕಾಣಬೇಕು, ಯಾರಲ್ಲಿ ಕಾಣಬಾರದು?

ನಮ್ಮಲ್ಲೂ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು ಮೊದಲು ಏಳು ಜಿಲ್ಲೆಗಳಲ್ಲಿ ಶುರುವಾದಾಗ, ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳ ತೂಕವನ್ನು ಆಗ ಸಿಗದಿದ್ದ ಗದಗದ ಮಕ್ಕಳ ತೂಕದೊಂದಿಗೆ ಹೋಲಿಸಿ ನೋಡಿದರು. ಹಂತಹಂತವಾಗಿ ಜಾರಿಯಾಗುವ ಯೋಜನೆಗಳು ಹೀಗೆ ಒಂದು ಅವಕಾಶ ಕೊಡುತ್ತವೆ. ಆದರೆ ಎರಡು ಜಿಲ್ಲೆಗಳ ಮಕ್ಕಳು ಒಂದೇ ತೂಕದಿಂದ ಹೊರಟಿರುವುದಿಲ್ಲ. ಆದ್ದರಿಂದ ಇಂಥಲ್ಲಿ ಕೊನೆಯ ತೂಕವನ್ನು ಹೋಲಿಸದೆ, ಎರಡೂ ಕಡೆ ಎಷ್ಟೆಷ್ಟು ಏರಿತು ಎಂಬುದನ್ನು ಹೋಲಿಸಬೇಕು.

"ಏಕೆ ಹೀಗಾಯಿತು?" ಎಂದು ಕೇಳುವುದಾದರೆ ಅಂಕಿಗಳನ್ನು ಪಕ್ಕಕ್ಕಿಟ್ಟು ಮಾತಿಗೆ ಕುಳಿತುಕೊಳ್ಳಿ. ಹೆಚ್ಚು ಏರಿದ ಎರಡು ಶಾಲೆ, ಏನೂ ಏರದ ಎರಡು ಶಾಲೆ ಆರಿಸಿ, ಎರಡೆರಡು ದಿನ ಅಲ್ಲಿಯೇ ಇರಿ. ತಾಯಂದಿರನ್ನು ಶಾಲೆಗೆ ಕರೆಸಬೇಡಿ, ನೀವೇ ಅವರ ಮನೆಯ ಜಗಲಿಗೆ ಹೋಗಿ. "ಈ ವರ್ಷ ನಿಮ್ಮ ಮಗುವಿನಲ್ಲಿ ಕಂಡ ದೊಡ್ಡ ಬದಲಾವಣೆ ಯಾವುದು?" ಎಂಬ ಒಂದು ಪ್ರಶ್ನೆ ಸಾಕು. "ಅಂಗಡಿಗೆ ಕಳುಹಿಸಿದರೆ ಪೊಟ್ಟಣದ ಹಾಳೆಯನ್ನು ಓದುತ್ತಾ ನಿಂತುಬಿಡುತ್ತಾಳೆ" ಎಂದು ಒಬ್ಬ ತಾಯಿ ಹೇಳಿದ್ದು ನಮ್ಮ ಯಾವ ಪರೀಕ್ಷೆಯಲ್ಲೂ ಸಿಕ್ಕಿರಲಿಲ್ಲ.

ಶಿಕ್ಷಕರ ತರಬೇತಿಯಾದರೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಮೆಟ್ಟಿಲು ಸಾಕು: ತರಬೇತಿ ಹಿಡಿಸಿತೇ, ಏನಾದರೂ ಕಲಿತರೇ, ತರಗತಿಯಲ್ಲಿ ಅದನ್ನು ಮಾಡುತ್ತಿದ್ದಾರೆಯೇ, ಮಕ್ಕಳಿಗೆ ತಲುಪಿತೇ. ಕೊನೆಯ ದಿನ ಊಟವಾದ ಮೇಲೆ ತುಂಬಿಸುವ ಅಭಿಪ್ರಾಯದ ಹಾಳೆ ಮೊದಲ ಮೆಟ್ಟಿಲಷ್ಟೇ. ಮೂರನೆಯದನ್ನು ನೋಡಲು ಎರಡು ತಿಂಗಳು ಬಿಟ್ಟು ತರಗತಿಗೆ ಹೋಗಿ.

ಹೆಜ್ಜೆ 5: ಅಳತೆಗೋಲು

ಮೂರರಿಂದ ಐದನೇ ತರಗತಿಯ ಮಕ್ಕಳ ಓದನ್ನು ಬರಹದ ಪರೀಕ್ಷೆಯಿಂದ ಅಳೆಯಬೇಡಿ. ಒಂದೊಂದು ಮಗುವಿನ ಪಕ್ಕದಲ್ಲಿ ಕುಳಿತು ಓದಿಸಿ. ಹಳ್ಳಿಗಳ ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕವನ್ನು ನೋಡುವ, 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ ಕ್ರಮ ಎಲ್ಲರ ಕೈಗೆಟುಕುವಂಥದ್ದು: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪುಟ್ಟ ಪರಿಚ್ಛೇದ, ಎರಡನೇ ತರಗತಿ ಮಟ್ಟದ ಕಥೆ, ಲೆಕ್ಕದಲ್ಲಿ ಅಂಕಿ ಗುರುತಿಸುವುದು, ದಶಕ ಪಡೆದು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು.

ಅದಕ್ಕೆ ಕನ್ನಡಕ್ಕೆ ಬೇಕಾದ ಒಂದೆರಡು ಮಾತು ಸೇರಿಸುತ್ತೇನೆ. ನಮ್ಮ ಮಕ್ಕಳು ಹೆಚ್ಚಾಗಿ ನಿಲ್ಲುವುದು ಒತ್ತಕ್ಷರದಲ್ಲಿ. 'ಮರ', 'ನದಿ' ಓದುವ ಮಗು 'ಕಲ್ಲು' ಬಂದಾಗ 'ಕಲು' ಎನ್ನುತ್ತದೆ, 'ಸೂರ್ಯ' ಬಂದಾಗ ತಲೆ ಎತ್ತಿ ನಮ್ಮ ಮುಖ ನೋಡುತ್ತದೆ. ಆದ್ದರಿಂದ ಪದಗಳ ಪಟ್ಟಿಯನ್ನು ಕಾಗುಣಿತವಿಲ್ಲದ್ದು, ಕಾಗುಣಿತವಿರುವುದು, ಸಜಾತಿ ಒತ್ತು ('ಕಲ್ಲು'), ವಿಜಾತಿ ಒತ್ತು ('ಸೂರ್ಯ') ಎಂದು ನಾಲ್ಕಾಗಿ ಮಾಡಿ. ಯಾವ ಮಗು ಎಲ್ಲಿ ನಿಂತಿತು ಎಂಬುದು ಮರುದಿನವೇ ಸ್ವಯಂಸೇವಕಿಗೆ ಉಪಯೋಗಕ್ಕೆ ಬರುತ್ತದೆ. ಲೆಕ್ಕದ ಪ್ರಶ್ನೆಯಲ್ಲಿ ಊರಿನ ಪದ ಹಾಕಿ: ರಾಯಚೂರಿನ ಮಗುವಿಗೆ ಕಡಲೆಕಾಯಿ ಎಂದರೆ ಅದು ಒಂದು ಗಳಿಗೆ ಯೋಚಿಸುತ್ತದೆ, ಶೇಂಗಾ ಎಂದರೆ ನೇರ ಲೆಕ್ಕಕ್ಕೆ ಹೋಗುತ್ತದೆ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ತುಳು ಆಡುವ ಮಗುವಿಗೆ ಸೂಚನೆಯನ್ನು ಆ ಭಾಷೆಯಲ್ಲೇ ಹೇಳಲು ಒಬ್ಬರು ಇರಲಿ. ಸೂಚನೆ ಅರ್ಥವಾಗದ ಮಗುವನ್ನು ಓದು ಬಾರದ ಮಗು ಎಂದು ಬರೆಯುವುದು ಅನ್ಯಾಯ.

ನಮ್ಮ ಆ ಹುಡುಗಿಗಾಗಿ ಇನ್ನೆರಡು ನಿಯಮ. ಸಮಾನ ಮಟ್ಟದ ಕನಿಷ್ಠ ನಾಲ್ಕು ಕಥೆಗಳಿರಲಿ, ಅವು ಪರೀಕ್ಷೆಯ ದಿನದವರೆಗೆ ಶಾಲೆಯ ಕಡೆ ಸುಳಿಯದಿರಲಿ. ಕಾರ್ಯಕ್ರಮ ನಡೆಸುವವರು ತಮ್ಮ ಮಕ್ಕಳನ್ನು ತಾವೇ ಪರೀಕ್ಷಿಸದಿರಲಿ. ಪಕ್ಕದ ಹೋಬಳಿಯವರೊಂದಿಗೆ ಅದಲು ಬದಲು ಮಾಡಿಕೊಳ್ಳಿ, ಶಿಕ್ಷಕರ ತರಬೇತಿಯ (ಡಿ.ಎಲ್.ಇಡಿ.) ವಿದ್ಯಾರ್ಥಿಗಳ ನೆರವು ಕೇಳಿ. ಅಳತೆಯ ಮೇಲೆ ನಿರ್ಧಾರದ ಭಾರ ಹೆಚ್ಚಿದಷ್ಟೂ ಅಳತೆ ಕೆಡುತ್ತದೆ ಎಂದು ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ನಮ್ಮ ಹೋಬಳಿಯ ಸ್ವಯಂಸೇವಕರಲ್ಲಿ ಯಾರೂ ಕೆಟ್ಟವರಲ್ಲ. ಅಂಕ ಕಡಿಮೆಯಾದರೆ ಕಾರ್ಯಕ್ರಮ ನಿಲ್ಲುತ್ತದೆ ಎಂದು ನಾವೇ ಅವರ ಕಿವಿಯಲ್ಲಿ ಹಾಕಿದ್ದೆವು.

ಹೆಜ್ಜೆ 6: ಎಷ್ಟು ಮಕ್ಕಳು, ಯಾವ ತಿಂಗಳು

ಎರಡು ದೊಡ್ಡ ಶಾಲೆಗಳಲ್ಲಿ ನೂರು ನೂರು ಮಕ್ಕಳನ್ನು ನೋಡುವುದಕ್ಕಿಂತ ಇಪ್ಪತ್ತು ಶಾಲೆಗಳಲ್ಲಿ ಹತ್ತು ಹತ್ತು ಮಕ್ಕಳನ್ನು ನೋಡುವುದು ಮೇಲು. ಒಂದೇ ಶಾಲೆಯ ಮಕ್ಕಳು ಒಬ್ಬರೇ ಶಿಕ್ಷಕರ ಕೈಯಲ್ಲಿ ಕಲಿತವರು, ಅವರ ಕಲಿಕೆ ಒಂದನ್ನೊಂದು ಹೋಲುತ್ತದೆ. ಅಸರ್ ಒಂದು ಜಿಲ್ಲೆಯಲ್ಲಿ 30 ಹಳ್ಳಿ, ಪ್ರತಿ ಹಳ್ಳಿಯಲ್ಲಿ 20 ಮನೆ ನೋಡುವುದರ ಹಿಂದೆಯೂ ಹೀಗೆ ಹರಡಿ ನೋಡುವ ಲೆಕ್ಕವಿದೆ. ಮಕ್ಕಳನ್ನು ಹಾಜರಿ ಪುಸ್ತಕದಿಂದ ನೀವೇ ಆರಿಸಿ, ಪ್ರತಿ ಮೂರನೇ ಹೆಸರು ಎಂಬಂತೆ. "ಯಾರಾದರೂ ಹತ್ತು ಮಕ್ಕಳನ್ನು ಕಳುಹಿಸಿ" ಎಂದರೆ ಮುಂದಿನ ಸಾಲಿನ ಹತ್ತು ಜನ ಬರುತ್ತಾರೆ.

ಆರಂಭದ ಮಾಪನಕ್ಕೆ ಜೂನ್ ಒಳ್ಳೆಯದು. ಸೇತುಬಂಧದ (ಹಿಂದಿನ ತರಗತಿಯ ಕಲಿಕೆಯ ಕೊರತೆಯನ್ನು ತುಂಬುವ ಕಾರ್ಯಕ್ರಮ) ನೈದಾನಿಕ ಪರೀಕ್ಷೆ ಹೇಗೂ ಶಾಲೆಯಲ್ಲಿ ನಡೆಯುತ್ತಿರುತ್ತದೆ, ಮಕ್ಕಳಿಗೆ ಹೊರೆಯೆನಿಸುವುದಿಲ್ಲ. ಕೊನೆಯ ಮಾಪನವನ್ನು ಫೆಬ್ರವರಿಯೊಳಗೆ ಮುಗಿಸಿ. ಮಾರ್ಚ್‌ನಲ್ಲಿ ಶಾಲೆ ತನ್ನ ಪರೀಕ್ಷೆಗಳಲ್ಲಿ ಮುಳುಗಿರುತ್ತದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಇನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಸುಗ್ಗಿ ಮುಗಿದ ಮೇಲೆ ಅನೇಕ ಕುಟುಂಬಗಳು ಬೆಂಗಳೂರಿಗೋ ಮಹಾರಾಷ್ಟ್ರಕ್ಕೋ ದುಡಿಯಲು ಗುಳೆ ಹೋಗುತ್ತವೆ, ಮಕ್ಕಳೂ ಜೊತೆಗೆ. ಜೂನ್‌ನಲ್ಲಿ ಇದ್ದು ಫೆಬ್ರವರಿಯಲ್ಲಿ ಇಲ್ಲದವರು ಬಹುಪಾಲು ತೀರಾ ಬಡವರ ಮಕ್ಕಳೇ. ಉಳಿದವರ ಸರಾಸರಿ ತಾನಾಗಿ ಏರುತ್ತದೆ, ನಾವು ಅದನ್ನು ಕಲಿಕೆ ಎಂದು ತಿಳಿಯುತ್ತೇವೆ. ಪ್ರತಿ ಮಗುವಿನ ಹೆಸರಿನ ಮುಂದೆ ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಟ್ಟಿರುವ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಎರಡೂ ಬಾರಿ ಸಿಕ್ಕ ಮಕ್ಕಳನ್ನು ಮಾತ್ರ ಹೋಲಿಸಿ. ಸಿಗದವರು ಎಷ್ಟು, ಎಲ್ಲಿ ಹೋದರು ಎಂಬುದನ್ನು ವರದಿಯ ಮೊದಲ ಪುಟದಲ್ಲೇ ಹೇಳಿ.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ ಪತ್ರ, ಪಾಲಕರ ಒಪ್ಪಿಗೆ ಮೊದಲೇ ಇರಲಿ. ವರದಿಯಲ್ಲಿ ಯಾವ ಮಗುವಿನ, ಶಿಕ್ಷಕರ ಹೆಸರೂ ಬೇಡ.

ಹೆಜ್ಜೆ 7: ಕೈಯಲ್ಲಿರುವ ಹಣಕ್ಕೆ ಹೊಂದಿಸಿಕೊಳ್ಳುವುದು

ಮೌಲ್ಯಮಾಪನಕ್ಕೆ ಬಿಡಿಗಾಸು ಮಾತ್ರ ಇದ್ದರೆ ತಿಂಗಳಿಗೊಮ್ಮೆ ನಾಲ್ಕು ಶಾಲೆಗಳ ಭೇಟಿ ಮತ್ತು ಪ್ರತಿ ಭೇಟಿಯಲ್ಲಿ ಐದು ಮಕ್ಕಳ ಓದು ಕೇಳುವುದನ್ನು ಆರಿಸಿಕೊಳ್ಳಿ. ಸ್ವಲ್ಪ ಹೆಚ್ಚು ಇದ್ದರೆ ಜೂನ್ ಮತ್ತು ಫೆಬ್ರವರಿಯ ಮಾಪನ, ಕಾಯುವ ಶಾಲೆಗಳೊಂದಿಗೆ ಹೋಲಿಕೆ. ನೂರಾರು ಶಾಲೆಗಳಿಗೆ ವಿಸ್ತರಿಸುವ ನಿರ್ಧಾರವಿದ್ದರೆ ಮಾತ್ರ ಹೊರಗಿನ ತಜ್ಞರಿಗೆ ಕೊಟ್ಟು ಚೀಟಿ ಎತ್ತುವ ದೊಡ್ಡ ಅಧ್ಯಯನ ಮಾಡಿಸಿ. ಸಣ್ಣ ಹಣದಲ್ಲಿ ದೊಡ್ಡ ಅಧ್ಯಯನದ ನಕಲು ಮಾಡಲು ಹೋಗಬೇಡಿ. ಹತ್ತು ಮಕ್ಕಳ ಸರಾಸರಿ ಅರ್ಧ ಅಂಕ ಏರಿದ್ದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಹೆಜ್ಜೆ 8: ಶಾಲೆಗೆ ಹಿಂತಿರುಗಿ ಹೇಳುವುದು

ವರದಿ ಮೊದಲು ಹೋಗಬೇಕಾದದ್ದು ಆ ಹನ್ನೆರಡು ಶಾಲೆಗಳಿಗೆ, ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ. ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ, "ಇದು ನಿಮಗೆ ನಿಜವೆನಿಸುತ್ತದೆಯೇ?" ಎಂದು ಕೇಳಿ. ಬೀರುವಿನ ಬೀಗದ ಕೈಯ ವಿಷಯ ನಮಗೆ ತಿಳಿದದ್ದು ಅಂಥ ಒಂದು ಸಭೆಯಲ್ಲಿ, ಒಬ್ಬ ತಂದೆಯ ಬಾಯಿಂದ.

ಫಲ ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಿರಿ, ಎರಡನೇ ಹೆಜ್ಜೆಯ ಯಾವ ಕೊಂಡಿ ಕಳಚಿತ್ತು ಎಂಬುದರ ಸಮೇತ. ಫಲ ಕಂಡರೆ ಅದು ಎಷ್ಟು ದಿನ ಉಳಿಯುತ್ತದೆ ಎಂದೂ ನೋಡಬೇಕು. ಬಾಲಸಖಿಯ ಮಕ್ಕಳನ್ನು ಕಾರ್ಯಕ್ರಮ ಬಿಟ್ಟ ಒಂದು ವರ್ಷದ ಮೇಲೆ ಮತ್ತೆ ಪರೀಕ್ಷಿಸಿದಾಗ ಏರಿಕೆಯ ಬಹುಭಾಗ ಕರಗಿತ್ತು. ಅದನ್ನೂ ಅವರು ಮುಚ್ಚಿಡದೆ ಪ್ರಕಟಿಸಿದರು. ಹಾಗಾಗಿ ಫೆಬ್ರವರಿಯ ಮಾಪನ ಮುಗಿಸಿ ಶಾಲೆಯಿಂದ ಹೊರಡುವ ಮುನ್ನ ಮುಖ್ಯ ಶಿಕ್ಷಕರೊಂದಿಗೆ ಮಾತನಾಡಿ, ಮರುವರ್ಷದ ಫೆಬ್ರವರಿಯಲ್ಲಿ ಅದೇ ಮಕ್ಕಳ ಪಕ್ಕದಲ್ಲಿ ಹೊಸ ಕಥೆ ಹಿಡಿದು ಕೂರಲು ಒಂದು ದಿನ ಗೊತ್ತುಮಾಡಿಕೊಂಡು ಬನ್ನಿ.